ವಿಶೇಷ ಶಾಲೆಯ ಫಲಿತಾಂಶವೂ ತೊಟ್ಟಿಲ ಮಗುವೂ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ಯಾವ ಶಾಲೆಗೆ ಶೇಕಡಾ ಎಷ್ಟು ಎಂಬ ಲೆಕ್ಕಾಚಾರ ಊರೂರುಗಳಲ್ಲಿ ನಡೆಯುತ್ತದೆ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳು ಕಲಿಯುವ ವಿಶೇಷ ಶಾಲೆಗಳನ್ನೂ ಜನ ಅದೇ ತಕ್ಕಡಿಯಲ್ಲಿ ತೂಗುತ್ತಾರೆ. ಮೂರೂವರೆ ದಶಕಗಳಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೋಗಿಗಳನ್ನು ನೋಡುತ್ತ ಬಂದ ನನ್ನ ಅಭಿಪ್ರಾಯ ಬೇರೆ. ಆ ಫಲಿತಾಂಶದ ಬಹುಪಾಲು, ಮಗು ಶಾಲೆಯ ಹೊಸ್ತಿಲು ತುಳಿಯುವ ಮೊದಲೇ ನಿರ್ಧಾರವಾಗಿರುತ್ತದೆ.

ಸಾಮಾನ್ಯ ಶಾಲೆಯ ಒಂದನೆಯ ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ವಿಶೇಷ ಶಾಲೆಯಲ್ಲಿ ಹಾಗಲ್ಲ. ಆರು ವರ್ಷದ ಮಗುವಿನ ಪಕ್ಕದಲ್ಲಿ ಹತ್ತು ವರ್ಷದ ಮಗು ಕುಳಿತಿರುತ್ತದೆ. ಒಂದಕ್ಕೆ ಅಲ್ಪಸ್ವಲ್ಪ ಕೇಳಿಸುತ್ತದೆ, ಇನ್ನೊಂದಕ್ಕೆ ಏನೂ ಕೇಳಿಸುವುದಿಲ್ಲ. ನಮ್ಮ ಗಡಿಭಾಗದಲ್ಲಿ ಮತ್ತೊಂದು ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಮನೆಗಳ ಮಾತು ತೆಲುಗು. ಮಾಲೂರಿನ ಕಡೆ ತಮಿಳೂ ಉಂಟು. ಶಾಲೆಯ ಭಾಷೆ ಕನ್ನಡ. ಕಿವಿ ಕೇಳುವ ಮಗು ಎರಡು ಭಾಷೆಗಳನ್ನು ಆಟವಾಡುತ್ತಲೇ ಕಲಿಯುತ್ತದೆ. ತುಟಿಯ ಚಲನೆಯನ್ನೇ ನೋಡಿ ಅರ್ಥಮಾಡಿಕೊಳ್ಳಬೇಕಾದ ಮಗುವಿಗೆ ಅಮ್ಮನ ತುಟಿ ಒಂದು ರೀತಿ, ಗುರುಗಳ ತುಟಿ ಇನ್ನೊಂದು ರೀತಿ. ಸನ್ನೆಭಾಷೆಯನ್ನು ಬೇಗ ಕಲಿಸಿದರೆ ಅದೇ ಅದರ ಮೊದಲ ಭಾಷೆಯಾಗುತ್ತದೆ. ಆದರೆ ಅದನ್ನು ಕಲಿಯುವ ತಂದೆತಾಯಿಗಳು ಎಷ್ಟು ಮಂದಿ?

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. 2011ರ ಜನಗಣತಿಯಂತೆ ದೇಶದ ಅಂಗವಿಕಲರಲ್ಲಿ ಸಾಕ್ಷರರು ಶೇ 55ರಷ್ಟು. ಪುರುಷರಲ್ಲಿ ಶೇ 62, ಮಹಿಳೆಯರಲ್ಲಿ ಕೇವಲ ಶೇ 45. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಇನ್ನೂರು ಕಿಲೋಮೀಟರಿಗೂ ದೂರದ ವಸತಿಶಾಲೆಗೆ ಮಗಳನ್ನು ಕಳುಹಿಸಲು ಎಷ್ಟು ತಾಯಂದಿರಿಗೆ ಧೈರ್ಯ ಬಂದೀತು?

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಶ್ರೀನಿವಾಸಪುರದ ಕಡೆಯ ತಾಯಿಯೊಬ್ಬಳು ಎರಡು ವರ್ಷದ ಮಗನನ್ನು ಕರೆತಂದಳು. ಮಾತು ಬಂದಿರಲಿಲ್ಲ. ನಾನು ಹಿಂದಿನಿಂದ ಚಪ್ಪಾಳೆ ತಟ್ಟಿದೆ. ಮಗು ತಿರುಗಿ ನೋಡಿತು. "ಕಿವಿ ಸರಿಯಿದೆ, ಕೆಲವರಿಗೆ ಮಾತು ತಡ, ಕಾಯಿರಿ" ಎಂದು ಹೇಳಿ ಬ್ರಾಹ್ಮೀಘೃತ ಬರೆದುಕೊಟ್ಟೆ. ಆ ಮಗು ತಿರುಗಿದ್ದು ಶಬ್ದಕ್ಕಲ್ಲ, ನನ್ನ ಕೈಯಿಂದ ಬೀಸಿದ ಗಾಳಿಗೆ ಎಂಬುದು ತಿಳಿಯುವ ಹೊತ್ತಿಗೆ ಅವನಿಗೆ ಏಳು ವರ್ಷ. ಬುದ್ಧಿಯಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ. ವಿಶೇಷ ಶಾಲೆ ಸೇರಿದಾಗ ಅವನ ಬಳಿ ಒಂದು ಪದವೂ ಇರಲಿಲ್ಲ, ಅಷ್ಟೇ. ಮುಂದೆ ಅವನ ಅಂಕಪಟ್ಟಿಯಲ್ಲಿ ಕಡಿಮೆಯಾದ ಅಂಕಗಳಲ್ಲಿ ಕೆಲವು ನನ್ನವು.

ಆಯುರ್ವೇದದ ಮೇಲಿನ ನನ್ನ ಶ್ರದ್ಧೆ ಇದರಿಂದ ಕುಂದಿಲ್ಲ. ಅದರ ಮಿತಿಯ ಅರಿವು ಬಂದಿದೆ. ಒಳಗಿವಿಯ ನರದ ದೋಷದಿಂದ ಹುಟ್ಟುಕಿವುಡಾದ ಮಗುವಿಗೆ ಯಾವ ತೈಲವೂ, ಯಾವ ಘೃತವೂ ಕಿವಿ ಕೊಡಲಾರದು. ಹಾಗೆ ಭರವಸೆ ಕೊಡುವ ವೈದ್ಯನು ಆ ಮಗುವಿನ ಅಮೂಲ್ಯ ಕಾಲವನ್ನು ಕದಿಯುತ್ತಾನೆ. ಮಾತು ಮತ್ತು ಭಾಷೆಗೆ ಮೆದುಳು ಅತ್ಯಂತ ಹದವಾಗಿರುವುದು ಮೊದಲ ಮೂರು ವರ್ಷಗಳಲ್ಲಿ. ಆದ್ದರಿಂದಲೇ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಹಾಗೂ ತರಬೇತಿ ಎಂದು ತಜ್ಞರು ನಿಯಮ ಮಾಡಿದ್ದಾರೆ. ನಿದ್ರಿಸುತ್ತಿರುವ ಶಿಶುವಿಗೂ ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಈ ತಪಾಸಣೆ ಮುಗಿಯುತ್ತದೆ.

ಆಯುರ್ವೇದದ ಬಲವಿರುವುದು ಮುನ್ನೆಚ್ಚರಿಕೆಯಲ್ಲಿ. ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ 'ಅತುಲ್ಯಗೋತ್ರೀಯ'. ಒಂದೇ ಕುಲದವರಲ್ಲದ ದಂಪತಿಯಿಂದಲೇ ಸಂತಾನದ ವಿಚಾರ ಅಲ್ಲಿ ಆರಂಭವಾಗುತ್ತದೆ. ನಮ್ಮ ಭಾಗದಲ್ಲಿಯಾದರೋ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ರೂಢಿ ಇಂದಿಗೂ ಅಳಿದಿಲ್ಲ. ಹೊಲ ಮನೆಯಲ್ಲೇ ಉಳಿಯುತ್ತದೆ ನಿಜ. ರಕ್ತದಲ್ಲಿ ಅಡಗಿದ ದೋಷವೂ ಹಾಗೆಯೇ ಮನೆಯಲ್ಲಿ ಉಳಿಯುತ್ತದೆ. ಹುಟ್ಟುಕಿವುಡಿನ ಕಾರಣಗಳಲ್ಲಿ ರಕ್ತಸಂಬಂಧದ ವಿವಾಹವೂ ಒಂದು. ಅಂತಹ ದಂಪತಿಗಳು ಇನ್ನೊಂದು ಮಗುವಿಗೆ ಮುನ್ನ ತಳಿಶಾಸ್ತ್ರಜ್ಞರ ಸಲಹೆ ಪಡೆಯಲಿ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಿವಿ, ಕಣ್ಣು, ಹೃದಯ ಮೂರಕ್ಕೂ ಅಪಾಯ. ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆಯನ್ನು ತಪ್ಪಿಸಬಾರದು. ಯಾವ ಕಾರಣಕ್ಕೂ ಮಗುವಿನ ನ್ಯೂನತೆಗೆ ತಾಯಿಯನ್ನು ದೂಷಿಸಬಾರದು.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಆರು ತಿಂಗಳಾದರೂ ಶಬ್ದದತ್ತ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದ ಆಡದಿದ್ದರೆ ಕಾಯಬೇಡಿರಿ. ತಟ್ಟೆ ಬಡಿದು ಮನೆಯಲ್ಲೇ ಪರೀಕ್ಷಿಸಿ ಸಮಾಧಾನಪಡಬೇಡಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬರುತ್ತವೆ. ಅವುಗಳಲ್ಲಿ ಆಯುಷ್ ವೈದ್ಯರೇ ಇರುತ್ತಾರೆ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು, ಶೇ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಪರೀಕ್ಷೆಯಲ್ಲಿ ದೊರೆಯುವ ಹೆಚ್ಚುವರಿ ಸಮಯ, ಬರೆಯುವ ಸಹಾಯಕ ಇವು ದಯೆಯಲ್ಲ, ಹಕ್ಕು.

ವಿಶೇಷ ಶಾಲೆಗಳ ಫಲಿತಾಂಶ ಪ್ರಕಟಿಸುವವರಿಗೂ ಒಂದು ಸಲಹೆ: ಮಗುವಿನ ಅಂಕದ ಪಕ್ಕದಲ್ಲಿ ಅದು ಶಾಲೆ ಸೇರಿದ ವಯಸ್ಸನ್ನೂ ನಮೂದಿಸಿರಿ. ಆಗ ಅನುತ್ತೀರ್ಣರಾದವರು ಯಾರೆಂಬುದು ಸ್ಪಷ್ಟವಾದೀತು. ಮಗುವೋ, ಗುರುವೋ, ಅಥವಾ ಕಾಯಿರಿ ಎಂದು ಹೇಳಿ ಕಳುಹಿಸಿದ ನಮ್ಮಂತಹವರೋ.