ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ

"ನಮ್ಮ ಯಜಮಾನರು ದಪ್ಪ ಇಲ್ಲ ಡಾಕ್ಟ್ರೇ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಅವರಿಗೆ ಸಕ್ಕರೆ ಕಾಯಿಲೆ ಹೇಗೆ ಬಂತು?" ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯಿದು. ಉತ್ತರ ಆ 'ಸ್ವಲ್ಪ'ದಲ್ಲೇ ಇದೆ.

ಬೊಜ್ಜೆಂದರೆ ಮೂಟೆ ಕಟ್ಟಿಟ್ಟ ಅಕ್ಕಿಯಂತೆ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅದು ಜೀವಂತ ಅಂಗ. ತಿಂದದ್ದು ಖರ್ಚಾಗದೆ ಉಳಿದಾಗ ಅದರ ಜೀವಕೋಶಗಳು ಊದಿಕೊಳ್ಳುತ್ತವೆ. ಮಿತಿಮೀರಿ ತುಂಬಿದವು ಬಳಲುತ್ತವೆ, ಕೆಲವು ಸಾಯುತ್ತವೆ. ಅವುಗಳನ್ನು ತೆರವು ಮಾಡಲು ದೇಹದ ರಕ್ಷಣಾ ಕೋಶಗಳು ಧಾವಿಸುತ್ತವೆ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ ಊದುವುದೂ ಇಂಥ ಕೋಶಗಳಿಂದಲೇ. ಮುಳ್ಳು ತೆಗೆದರೆ ಊತ ಇಳಿಯುತ್ತದೆ. ಆದರೆ ಹೊಟ್ಟೆಯ ಬೊಜ್ಜು ದಿನದಿನವೂ ಬೆಳೆಯುತ್ತಿದ್ದರೆ ಉರಿಯೂತ ಇಳಿಯುವುದೆಂತು? ನೋವಿಲ್ಲದೆ, ಜ್ವರವಿಲ್ಲದೆ ಅದು ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ.

1993ರಲ್ಲಿ ಅಮೆರಿಕದ ವಿಜ್ಞಾನಿಗಳು ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿ.ಎನ್.ಎಫ್. ಆಲ್ಫಾ ಎಂಬ ಉರಿಯೂತದ ರಾಸಾಯನಿಕ ಹೆಚ್ಚಿರುವುದನ್ನು ಕಂಡರು. ಅದನ್ನು ತಡೆದಾಗ ಆ ಇಲಿಗಳಲ್ಲಿ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ಬೊಜ್ಜು ಹೆಚ್ಚಿದಂತೆ ಅದರೊಳಗೆ ರಕ್ಷಣಾ ಕೋಶಗಳೂ ಗುಂಪುಗೂಡುತ್ತವೆ ಎಂಬುದು 2003ರಲ್ಲಿ ತಿಳಿಯಿತು. ಇವು ಹೊರಬಿಡುವ ರಾಸಾಯನಿಕಗಳು ಇನ್ಸುಲಿನ್ನಿನ ಮಾತು ದೇಹಕ್ಕೆ ಕೇಳಿಸದಂತೆ ಮಾಡುತ್ತವೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಕೊಬ್ಬು ಲಿವರಿಗೆ ಸೇರುತ್ತದೆ, ರಕ್ತನಾಳಗಳೂ ಕೆಡುತ್ತವೆ.

ನಾವು ಭಾರತೀಯರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಮ್ಮದೇ ಫೋಟೋ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ತೂಕದ ಯಂತ್ರ ಇದನ್ನು ಹೇಳುವುದಿಲ್ಲ.

ಹಾಗಾದರೆ ಮಾಡುವುದೇನು? ಹೊಲಿಗೆ ಪೆಟ್ಟಿಗೆಯ ಟೇಪು ತೆಗೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ರಕ್ತದ ಸಕ್ಕರೆ, ಕೊಬ್ಬು, ಬಿ.ಪಿ. ಪರೀಕ್ಷೆ ಮಾಡಿಸಿ. ಉರಿಯೂತವೆಂದು ನೀವಾಗಿಯೇ ನೋವಿನ ಮಾತ್ರೆ ನುಂಗಬೇಡಿ. ಅದರಿಂದ ಬೊಜ್ಜು ಇಳಿಯದು, ಕಿಡ್ನಿಗೆ ಅಪಾಯ.

ಅನ್ನದ ಪಾಲು ಕಡಿಮೆ ಮಾಡಿ. ಪಲ್ಯ, ಬೇಳೆಕಾಳು ಹೆಚ್ಚಿಸಿ. ಚಹಾದ ಸಕ್ಕರೆ, ಬೇಕರಿ ತಿಂಡಿ, ಮದ್ಯ ದೂರವಿಡಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಇಂಥ ಊಟ ಮತ್ತು ನಡಿಗೆಯಿಂದಲೇ ಕಾಯಿಲೆಯ ಅಪಾಯ ಶೇ. 28ರಷ್ಟು ತಗ್ಗಿತ್ತು. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಹೊಟ್ಟೆ ಬಂದದ್ದು ಅನುಕೂಲಸ್ಥರ ಲಕ್ಷಣವೆಂದು ನಮ್ಮ ಹಿರಿಯರು ತಮಾಷೆ ಮಾಡುತ್ತಿದ್ದರು. ಆ ಮಾತನ್ನು ಇನ್ನು ಬಿಟ್ಟುಬಿಡೋಣ.