ಶಾಲೆಯೇನು ಛತ್ರವೇ?

“ಶಾಲೆಯೇನು ಛತ್ರವೇ?” ಎಂದು ಕೇಳುವ ಮಹನೀಯರು ನಮ್ಮ ವಿದ್ಯಾವಂತರ ಮನೆಗಳಲ್ಲಿ ಇನ್ನೂ ಇರುವರು. ಬಿಸಿಯೂಟದಿಂದ ಪಾಠಕ್ಕೆ ಹಾನಿಯೆಂದೂ, ಸರಸ್ವತಿಯ ಮಂದಿರವು ಅಡಿಗೆಮನೆಯಾಯಿತೆಂದೂ ಅವರ ಆಕ್ಷೇಪ. ಇವರಲ್ಲಿ ಅನೇಕರು ವಾರಾನ್ನವನ್ನುಂಡು ಓದಿದವರ ಮಕ್ಕಳು ಮೊಮ್ಮಕ್ಕಳೆಂಬುದನ್ನು ಜ್ಞಾಪಿಸಿದರೆ ಅವಿನಯವಾಗಲಾರದು.

ಶಾಸ್ತ್ರವನ್ನು ಬಲ್ಲೆವೆನ್ನುವವರು ಛಾಂದೋಗ್ಯದ ಆರನೆಯ ಅಧ್ಯಾಯವನ್ನು ತೆರೆದು ನೋಡಲಿ. ಉದ್ದಾಲಕನು ಮಗನಾದ ಶ್ವೇತಕೇತುವನ್ನು 15 ದಿನ ನೀರೊಂದರ ಮೇಲೆ ಉಪವಾಸವಿರಿಸಿದನು. ಬಳಿಕ ಋಗ್ಯಜುಸ್ಸಾಮಗಳನ್ನು ಹೇಳೆಂದರೆ, 12 ವರ್ಷ ಗುರುಕುಲದಲ್ಲಿ ಓದಿ ಬಂದ ಆ ಪಂಡಿತನಿಗೆ ಒಂದೂ ತೋರಲಿಲ್ಲ. ಉಂಡು ಬಂದಮೇಲೆ ಕೇಳಿದುದಕ್ಕೆಲ್ಲ ಉತ್ತರ ಹೇಳಿದನು. ಹೀಗಿರಲು, ಬರಿಹೊಟ್ಟೆಯಲ್ಲಿ ಬಂದ ಕೂಲಿಯವನ ಮಗುವಿನಿಂದ ಮಗ್ಗಿಯನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಧಾನ್ಯವನ್ನು ಮನೆಗೇ ಕೊಡಬಾರದೇ ಎಂಬುದು ಎರಡನೆಯ ವಾದ. ಅದನ್ನೂ ಮಾಡಿ ನೋಡಿಯಾಯಿತು. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಆರಂಭಿಸಿದ ಯೋಜನೆಗೆ ಬೇಯಿಸಿದ ಊಟವೇ ಉದ್ದೇಶವಾಗಿದ್ದರೂ, ಬಹುತೇಕ ರಾಜ್ಯಗಳು ಮಗುವೊಂದಕ್ಕೆ ತಿಂಗಳಿಗೆ 3 ಕಿಲೋಗ್ರಾಂ ಧಾನ್ಯವನ್ನು ಅಳೆದುಕೊಟ್ಟು ಸುಮ್ಮನಾದುವು. ಧಾನ್ಯವು ಮನೆ ಸೇರಿ ಐದಾರು ಬಾಯಿಗಳಲ್ಲಿ ಹಂಚಿಹೋಯಿತು. ಮಗುವಿನ ಮಧ್ಯಾಹ್ನವು ಮೊದಲಿನಂತೆಯೇ ಉಳಿಯಿತು. ಕಾಮರಾಜರು 1956ರಲ್ಲಿಯೇ ಮದರಾಸು ರಾಜ್ಯದಲ್ಲಿ ಮಾಡಿ ತೋರಿಸಿದುದನ್ನು ಉಳಿದವರು ಕಲಿಯಬೇಕಾದರೆ, ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಬೆತ್ತ ಹಿಡಿಯಬೇಕಾಯಿತು: ದಿನಕ್ಕೆ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ 200 ದಿನಗಳಿಗೆ ಕಡಮೆಯಿಲ್ಲದಂತೆ ಬೇಯಿಸಿದ ಊಟ. ನಮ್ಮ ಅಕ್ಷರ ದಾಸೋಹವು 2002ರ ಜೂನಿನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು.

ನಿಜವಾದ ಆಕ್ಷೇಪವು ಬೇರೆಯಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಮೆ. ಅಟ್ಟವಳು ಯಾರು, ಪಕ್ಕದಲ್ಲಿ ಕುಳಿತವನು ಯಾರು ಎಂಬುದೇ ಅದು. ಅದೇ ನ್ಯಾಯಾಲಯವು 2004ರಲ್ಲಿ, ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆಯಿರತಕ್ಕುದೆಂದು ವಿಧಿಸಿತು. ಆ ಕಾರಣಕ್ಕಾಗಿ ಮಕ್ಕಳನ್ನು ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದ ತಂದೆತಾಯಿಗಳ ವಾರ್ತೆಯನ್ನು ನಾವೆಲ್ಲರೂ ಓದಿರುವೆವು. ಒಂದೇ ಸಾಲಿನಲ್ಲಿ ಕುಳಿತವರಿಗೆ ಭೇದವೆಣಿಸಿ ಬಡಿಸುವುದು ಪಾಪವೆಂದು ನನಗೆ ಪಾಠ ಹೇಳಿದವರು ಕಲಿಸಿದರು. ಸಾಲನ್ನೇ ಒಡೆಯುವವರಿಗೆ ಆ ಶಾಸ್ತ್ರದಲ್ಲಿ ಆಶ್ರಯವಿರುವಂತೆ ತೋರದು.

ಪಾಠಕ್ಕೆ ಹಾನಿಯೆಂಬ ಮಾತಿನಲ್ಲಿ ಒಂದಂಶ ದಿಟ. ಉಪಾಧ್ಯಾಯನು ಅಕ್ಕಿಬೇಳೆಗಳ ಲೆಕ್ಕ ಬರೆಯಬೇಕಾಗಿದೆ. ಅದಕ್ಕೆ ಗುಮಾಸ್ತನನ್ನು ಕೇಳಿರಿ, ಊಟವನ್ನು ನಿಲ್ಲಿಸೆನ್ನಬೇಡಿರಿ. ಇನ್ನು ಅಡಿಗೆಯವಳಿಗೆ ಕೇಂದ್ರದ ನಿಯಮವು 2009ರಲ್ಲಿ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ರಾಜ್ಯಗಳು ಮೇಲಷ್ಟು ಸೇರಿಸುತ್ತ ಬಂದಿವೆ, ಸರಿ. ಛತ್ರದ ಮಾತನ್ನೆತ್ತುವ ಮಹನೀಯರು ತಮ್ಮ ಮನೆಯ ಅಡಿಗೆಯವರಿಗೆ ಕೊಡುವ ಸಂಬಳವೆಷ್ಟೆಂಬುದನ್ನೂ ಮುಂದಿನ ಸಂಚಿಕೆಗೆ ಬರೆದು ತಿಳಿಸಲಿ.