ಹೊಸ ಎಂಜಿನ್ನಿಗೆ ಮುಂಚೆ ಹಳೆಯದರ ಕಥೆ

ಕಳೆದ ಸಂಚಿಕೆಯಲ್ಲಿ ನಾನು ಬರೆದ ಮಾವಿನಕಾಯಿ ಉಪ್ಪಿನಕಾಯಿಯ ಪ್ರಸಂಗವನ್ನು ಹಿರಿಯರು ಮೆಚ್ಚಿಕೊಂಡರು. ಆದರೆ ಸಂಘದ ಯುಗಾದಿ ಊಟದ ದಿನ ಕಾಲೇಜು ಓದುವ ಮೂವರು ಮಕ್ಕಳು ನನ್ನನ್ನು ಕೈತೊಳೆಯುವ ಕಡೆ ಹಿಡಿದು ನಿಲ್ಲಿಸಿದರು. “ಆಂಟಿ, ನಿಮ್ಮ ಅಂಕಣ ನಮ್ಮಮ್ಮ ಓದಿ ಹೇಳ್ತಾರೆ. ನಮಗೆ ಅಂತ ಒಂದು ಬರೀರಿ. ರೇಸ್ ಕಾರ್ ಓಡಿಸೋ ಅಣ್ಣ ನಿಮ್ಮ ಮಗನೇ ಅಲ್ವಾ? ಎಂಜಿನ್ ತಂದ ಕಥೆ ಹೇಳಿ” ಎಂದಳು ಅವರಲ್ಲಿ ಒಬ್ಬಳು.

ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಮಾಡಿ, ಮದರಾಸಿಗೆ ಬಂದು ಅಡುಗೆಮನೆ ಸೇರಿದ ನನಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಆ ಎಂಜಿನ್ನಿಗೆ ಹೋದದ್ದು ನನ್ನ ಚೀಟಿ ಹಣ. ಹಾಗಾಗಿ ಅದರ ಬಗ್ಗೆ ಮಾತಾಡುವ ಹಕ್ಕು ನನಗಿದೆ!

ಕಾರು 2001ರ ಮಾರುತಿ ಎಸ್ಟೀಮ್. ನಮ್ಮವರು ಆಸೆಪಟ್ಟು ಕೊಂಡದ್ದು. ಎಷ್ಟೋ ಬೇಸಿಗೆ ರಜೆಗಳಲ್ಲಿ ನಮ್ಮನ್ನು ಮೈಸೂರಿಗೆ ಹೊತ್ತುಕೊಂಡು ಹೋಗಿ ತಂದ ಕಾರು. 2012ರಲ್ಲಿ ಬೇರೆ ಕಾರು ಬಂದಾಗ ಮಗ, “ಅಪ್ಪ, ಇದನ್ನ ಮಾರಬೇಡಿ, ನನಗೆ ಕೊಡಿ” ಎಂದು ದುಂಬಾಲು ಬಿದ್ದ. ಕೊಟ್ಟರು. ಸೀಟು, ಕಾರ್ಪೆಟ್ಟು ಎಲ್ಲವನ್ನೂ ಕಿತ್ತ. ಒಳಗೆ ಕಬ್ಬಿಣದ ಪಂಜರ ಕೂಡಿಸಿದ. ಕಾರು ಉರುಳಿದರೂ ತಲೆ ಉಳಿಯಲಿ ಎಂದು ಆ ಪಂಜರವಂತೆ. ಅದನ್ನು ಕೇಳಿದ ಮೇಲೆ ನನಗೆ ಧೈರ್ಯ ಬರುವ ಬದಲು ಎದೆ ಇನ್ನಷ್ಟು ಹೊಡೆದುಕೊಂಡಿತು.

ಚೆನ್ನೈಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಶ್ರೀಪೆರಂಬದೂರಿಗೆ ಮೊದಲು ಇರುಂಗಾಟ್ಟುಕೋಟೈ ಎಂಬ ಊರು ಬರುತ್ತದೆ. ಸುಮಾರು 3.7 ಕಿಲೋಮೀಟರ್ ಸುತ್ತಳತೆಯ ರೇಸ್ ಟ್ರ್ಯಾಕು ಇರುವುದು ಅಲ್ಲೇ, 1990ರಿಂದ. ಅದಕ್ಕೆ ಮುಂಚೆ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು. ನಮ್ಮವರು ಹುಡುಗರಾಗಿದ್ದಾಗ ಅಲ್ಲಿ ಬಿಸಿಲಿನಲ್ಲಿ ನಿಂತು ನೋಡಿದವರು. ‘ಮಗನಿಗೆ ಹುಚ್ಚು ಎಲ್ಲಿಂದ ಬಂತು’ ಎಂದು ಅವರು ಕೇಳಿದಾಗಲೆಲ್ಲ ನಾನು ಸುಮ್ಮನೆ ಅವರ ಮುಖ ನೋಡುತ್ತೇನೆ.

2016ರ ಫೆಬ್ರವರಿಯ ಒಂದು ಭಾನುವಾರ ಸಂಜೆ ಮಗ ಮನೆಗೆ ಬಂದವನೇ ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತ. “ಅಮ್ಮ, ಎಂಜಿನ್ ಪೋಚು” ಎಂದ. ಅವನ ಕನ್ನಡ ಅರ್ಧ ತಮಿಳಾಗುವುದು ತುಂಬ ದುಃಖವಾದಾಗ ಮಾತ್ರ. ಒಳಗಿನ ಕನೆಕ್ಟಿಂಗ್ ರಾಡು ಮುರಿದು, ಎಂಜಿನ್ನಿನ ಬ್ಲಾಕನ್ನೇ ಒಡೆದು ಹೊರಗೆ ಬಂದಿತ್ತು. ರಿಪೇರಿಯ ಮಾತೇ ಇಲ್ಲ, ಬೇರೆ ಎಂಜಿನ್ನೇ ಬೇಕು. ನಮ್ಮವರು ಪತ್ರಿಕೆ ಮಡಿಸಿಟ್ಟು, “ಎಂಜಿನ್ ಹೋಯ್ತಲ್ಲ, ಅದರ ಜೊತೆಗೆ ಹುಚ್ಚೂ ಹೋಗಲಿ. ನನ್ನ ಕೈಯಿಂದ ಒಂದು ಕಾಸೂ ಬರೋದಿಲ್ಲ” ಎಂದರು.

ನಾನು ಮೂರು ವರ್ಷ ಕಟ್ಟಿದ ಚೀಟಿಯ 45,000 ರೂಪಾಯಿ ಆ ತಿಂಗಳೇ ಕೈಗೆ ಬಂದಿತ್ತು. ಒಂದು ಜೊತೆ ಬಳೆ ಮಾಡಿಸಬೇಕೆಂದಿದ್ದೆ. ಎರಡು ದಿನ ಅವನು ಊಟ ಬಿಟ್ಟದ್ದು ನೋಡಿ, ಮೂರನೆಯ ದಿನ ಹೇಳಿದೆ: “ಹಣ ನಾನು ಕೊಡ್ತೀನಿ. ಆದರೆ ಏನು ತಗೋತೀಯ, ಯಾಕೆ ತಗೋತೀಯ, ನನಗೆ ಅರ್ಥವಾಗೋ ಹಾಗೆ ಕನ್ನಡದಲ್ಲಿ ಹೇಳಬೇಕು. ಅರ್ಥ ಆಗದಿದ್ದರೆ ಹಣ ಇಲ್ಲ.”

ಅವನು ಕಾಗದದ ಮೇಲೆ ಮೂರು ಹೆಸರು ಬರೆದುಕೊಂಡು ಬಂದ. ಮೊದಲನೆಯದು ಬಲೆನೊ ಕಾರಿನ 1.6 ಲೀಟರ್ ಎಂಜಿನ್. ಈಗಿನ ಬಲೆನೊ ಅಲ್ಲ, 1999ರಲ್ಲಿ ಬಂದ ಹಳೆಯ ಉದ್ದನೆಯ ಕಾರು. ಅದಕ್ಕೆ 94 ಕುದುರೆಬಲ, ನಮ್ಮ ಎಸ್ಟೀಮಿನ 1.3ಕ್ಕೆ 85. ಎರಡನೆಯದು 2005ರಲ್ಲಿ ಬಂದ ಸ್ವಿಫ್ಟಿನ 1.3 ಎಂಜಿನ್, 87. ಮೂರನೆಯದು ಇದ್ದದ್ದೇ ಇನ್ನೊಂದು, ಅಂದರೆ ಎಸ್ಟೀಮಿನದೇ. ಮೂರೂ ಸುಜುಕಿಯ ಒಂದೇ ವಂಶದವು, ಅಣ್ಣತಮ್ಮಂದಿರ ಹಾಗೆ. ಅವನ ಕಣ್ಣೆಲ್ಲ ದೊಡ್ಡಣ್ಣನ ಮೇಲೆ.

ನಾನು ಕೇಳಿದ್ದು ಒಂದೇ ಮಾತು: “ಹಳೇ ಎಂಜಿನ್ ಯಾಕೆ ಸತ್ತಿತು?”

“ಹಳೇದಾಗಿತ್ತು ಅಮ್ಮ.”

“ನಾನೂ ಹಳಬಳೇ. ಸತ್ತಿದೀನಾ? ಸರಿಯಾಗಿ ಹೇಳು.”

ಉತ್ತರ ಸಿಕ್ಕಿದ್ದು ಗ್ಯಾರೇಜಿನಲ್ಲಿ. ಮೆಕ್ಯಾನಿಕ್ಕು ಒಡೆದ ಎಂಜಿನ್ನನ್ನು ಬಿಚ್ಚಿ, ಬೇರಿಂಗಿನ ಚೂರುಗಳನ್ನು ನನ್ನ ಅಂಗೈ ಮೇಲಿಟ್ಟರು. ಸುಟ್ಟ ಬಣ್ಣಕ್ಕೆ ತಿರುಗಿದ್ದವು. ಎಣ್ಣೆ ಸಿಗದೆ ಸತ್ತಿದೆ ಎಂದರು. ನಮ್ಮ ಮನೆಗಳ ನೀರಿನ ಸಂಪಿನ ಹಾಗೆ ಎಂಜಿನ್ನಿನ ತಳದಲ್ಲೂ ಒಂದು ಸಂಪಿದೆ. ಅದರಲ್ಲಿರುವ ಆಯಿಲನ್ನು ಒಂದು ಕೊಳವೆ ಹೀರಿ ಪಂಪಿಗೆ ಕೊಡುತ್ತದೆ. ಕಾರು ಜೋರಾಗಿ ಬಲಕ್ಕೆ ತಿರುಗುವಾಗ ಆಯಿಲೆಲ್ಲ ಎಡಕ್ಕೆ ಹೋಗಿ ನಿಲ್ಲುತ್ತದೆ, ಬಸ್ಸಿನಲ್ಲಿ ಸಾರಿನ ಪಾತ್ರೆ ಹಿಡಿದುಕೊಂಡು ಕೂತವರಿಗೆ ಇದು ಗೊತ್ತು. ರಸ್ತೆಯ ತಿರುವು ಬೇಗ ಮುಗಿಯುತ್ತದೆ. ಟ್ರ್ಯಾಕಿನ ಉದ್ದನೆಯ ತಿರುವಿನಲ್ಲಿ ಆ ಕೊಳವೆ ಆಯಿಲಿನ ಬದಲು ಗಾಳಿ ಹೀರುತ್ತದೆ. ಸಂಪು ಬರಿದಾದಾಗ ನೀರಿನ ಮೋಟಾರು ಗೊರಗೊರ ಅನ್ನುವುದಿಲ್ಲವೇ, ಹಾಗೆ. ಅಷ್ಟು ಹೊತ್ತು ಬೇರಿಂಗು ಒಣಗಿಯೇ ತಿರುಗುತ್ತದೆ. ದಿನವೆಲ್ಲ ಹೀಗಾದರೆ ಯಾವ ಎಂಜಿನ್ ಬದುಕೀತು?

ಮಗ ತಲೆ ತಗ್ಗಿಸಿ ನಿಂತಿದ್ದ. ವಾಪಸು ಬರುವಾಗ ಆಟೋದಲ್ಲಿ ಮೆಲ್ಲಗೆ ಹೇಳಿದ: “ಅಮ್ಮ, ಆಯಿಲ್ ದೀಪ ಮಿನುಗಿದ್ದು ನೋಡಿದ್ದೆ. ಎರಡೇ ಲ್ಯಾಪು ಉಳಿದಿತ್ತು. ಪರವಾಗಿಲ್ಲ ಅಂದ್ಕೊಂಡೆ.” ನಾನು ಬೈಯಲಿಲ್ಲ. ಅಷ್ಟು ಒಪ್ಪಿಕೊಳ್ಳಲು ಅವನಿಗೆ ಎಷ್ಟು ಕಷ್ಟವಾಗಿತ್ತೆಂದು ಗೊತ್ತಿತ್ತು.

ಅಲ್ಲಿಂದ ಮುಂದೆ ಆಯ್ಕೆ ಸುಲಭವಾಯಿತು. ದೊಡ್ಡ ಎಂಜಿನ್ ಹಾಕಿದ್ದರೂ ಅದೇ ಸಂಪು, ಅದೇ ತಿರುವು, ಅದೇ ಸಾವು. ಖರ್ಚು ಮಾತ್ರ ಹೆಚ್ಚು. ಅದೂ ಅಲ್ಲದೆ ಸ್ಪರ್ಧೆಯ ವರ್ಗಗಳನ್ನು ಎಂಜಿನ್ನಿನ ಸಿ.ಸಿ. ನೋಡಿ ವಿಂಗಡಿಸುತ್ತಾರೆ. 1298 ಸಿ.ಸಿ.ಯ ಕಾರಿಗೆ 1590 ಸಿ.ಸಿ.ಯ ಎಂಜಿನ್ ಹಾಕಿದರೆ ಮೇಲಿನ ತರಗತಿಗೆ ಹೋಗಿ, 106 ಕುದುರೆಬಲದ ಹೋಂಡಾ ಸಿಟಿ ವಿಟೆಕ್‌ನಂಥವುಗಳ ಜೊತೆ ಓಡಬೇಕು. ಒಂಬತ್ತು ಕುದುರೆ ಹೆಚ್ಚು ಕಟ್ಟಿಕೊಂಡು ಹೋಗಿ ಕೊನೆಯವನಾಗುವುದು ಯಾವ ಜಾಣತನ? “ಅಷ್ಟು ವೇಗ ಬಂದ ಮೇಲೆ ನಿಲ್ಲಿಸೋದು ಯಾವುದು? ಬ್ರೇಕು ಹಳೇದೇ ತಾನೆ?” ಎಂದು ನಾನು ಕೇಳಿದಾಗ ಅವನು ಕಾಗದದ ಮೇಲಿನ ಮೊದಲ ಹೆಸರನ್ನು ತಾನೇ ಹೊಡೆದುಹಾಕಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ರೇಸಿಗೂ ಸಲ್ಲುತ್ತದೆ.

ಸ್ವಿಫ್ಟಿನ ಎಂಜಿನ್ ವಯಸ್ಸಿನಲ್ಲಿ ಚಿಕ್ಕದು, ಅದು ಅದರ ಗುಣ. ಆದರೆ ಈಗಿನ ಎಂಜಿನ್ನುಗಳಿಗೆ ಮಿದುಳಿನಂಥ ಒಂದು ಕಂಪ್ಯೂಟರು ಇರುತ್ತದೆ. ಸ್ವಿಫ್ಟಿನ ಕಂಪ್ಯೂಟರಿಗೆ ತನ್ನ ಬೀಗದ ಕೈ ಬಿಟ್ಟು ಬೇರೆಯದು ಹಿಡಿಸುವುದಿಲ್ಲ; ಕಳ್ಳರ ಕಾಟಕ್ಕೆ ಹಾಗೆ ಮಾಡಿದ್ದಾರೆ. ಅದಕ್ಕೆ ತಕ್ಕ ವೈರಿಂಗೂ ಬೇರೆ ಆಗಬೇಕು. ಎರಡು ಕುದುರೆಬಲಕ್ಕಾಗಿ ಇಷ್ಟು ತಾಪತ್ರಯ ಬೇಡವೆಂದು ಅದನ್ನೂ ಬಿಟ್ಟೆವು.

ಇದ್ದದ್ದನ್ನೇ ಚೆನ್ನಾಗಿ ಬಳಸುವುದು ಸಣ್ಣ ಮಾತಲ್ಲ ಮಕ್ಕಳೇ. ಕೊಯಮತ್ತೂರಿನ ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ಕಟ್ಟಿದಾಗ ಅವಕ್ಕೆ ಹಾಕಿದ್ದು ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ನಮ್ಮ ನಿಮ್ಮ ಮನೆಗಳ ಮುಂದೆ ನಿಂತಿರುತ್ತಿತ್ತಲ್ಲ, ಅದೇ. ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತಿತ್ತು, ಯಾವ ಮೆಕ್ಯಾನಿಕ್ಕಿಗೂ ಗೊತ್ತಿತ್ತು. ನಾರಾಯಣ್ ಕಾರ್ತಿಕೇಯನ್ ತಮ್ಮ ಮೊದಲ ರೇಸನ್ನು ಓಡಿದ್ದು ಅಂಥ ಕಾರಿನಲ್ಲಿ, ಇದೇ ಶ್ರೀಪೆರಂಬದೂರಿನ ಟ್ರ್ಯಾಕಿನಲ್ಲಿ. 2005ರಲ್ಲಿ ಅವರು ಫಾರ್ಮುಲಾ ಒನ್ ತಲುಪಿದರು. ಈ ಮಾತು ಹೇಳಿದವರು ಯಾರು ಗೊತ್ತೆ? ಕಾಸು ಕೊಡುವುದಿಲ್ಲವೆಂದ ನಮ್ಮವರೇ, ಪತ್ರಿಕೆಯ ಹಿಂದಿನಿಂದ!

ಎಸ್ಟೀಮ್ ತಯಾರಿಕೆ ನಿಂತು ವರ್ಷಗಳಾಗಿದ್ದವು. ಹೊಸ ಎಂಜಿನ್ ಸಿಗುವುದಿಲ್ಲ. ಹಾಗಾಗಿ ಪುದುಪೇಟೆಗೆ ಹೋದೆವು. ಎಗ್ಮೋರಿನ ಪಕ್ಕದ ಆ ಬೀದಿಗಳಲ್ಲಿ ಅಂಗಡಿಯ ಮುಂದೆ ಎಂಜಿನ್ನುಗಳನ್ನು ತೆಂಗಿನಕಾಯಿ ರಾಶಿ ಹಾಕಿದಂತೆ ಹಾಕಿರುತ್ತಾರೆ. ಬೆಂಗಳೂರಿನ ಶಿವಾಜಿನಗರದ ಗುಜರಿ, ದೆಹಲಿಯ ಮಾಯಾಪುರಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಅಂಗಡಿಯಲ್ಲೇ ಫಳಫಳ ಹೊಳೆಯುವ ಒಂದು ಎಂಜಿನ್, 14,000 ರೂಪಾಯಿ. ಮಗನಿಗೆ ಆಗಲೇ ಹಣ ಎಣಿಸುವ ಆತುರ. ನಮ್ಮ ಜೊತೆಗಿದ್ದ ಮೆಕ್ಯಾನಿಕ್ಕು ಸುಮ್ಮನೆ ಬ್ಯಾಟರಿ ಕೊಟ್ಟು, ಪ್ಲಗ್ಗಿನ ತೂತಿಗೆ ಗೇಜು ಹಿಡಿದು ಎಂಜಿನ್ನನ್ನು ತಿರುಗಿಸಿದರು. ಒಂದೊಂದು ಸಿಲಿಂಡರು ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆಂದು ಅದು ತೋರಿಸುತ್ತದೆ. ಮೂರು ಸಿಲಿಂಡರು 180ರ ಆಸುಪಾಸು, ಒಂದು ಮಾತ್ರ 135. ನಾಲ್ಕೂ ಹೆಚ್ಚು ಕಡಿಮೆ ಸಮ ಇರಬೇಕು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರೋಗವಿದೆ ಎಂದು ಅರ್ಥ.

ಆಮೇಲೆ ಅವರು ಮಾಡಿದ್ದು ನನಗೆ ತುಂಬ ಹಿಡಿಸಿತು. ಆ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದರು. ಅಳತೆ ಚೆನ್ನಾಗಿ ಏರಿದರೆ ಪಿಸ್ಟನ್ನಿನ ರಿಂಗು ಸವೆದಿದೆ, ಆಯಿಲು ಸಂದು ಮುಚ್ಚಿದೆ ಎಂದು ತಿಳಿಯಬೇಕು. ಏರದಿದ್ದರೆ ದೋಷ ಬೇರೆ ಕಡೆ, ವಾಲ್ವಿನಲ್ಲೋ ಮತ್ತೆಲ್ಲೋ. ಏರಲಿಲ್ಲ. ಪಕ್ಕದ ಬೆಲ್ಟಿನ ಮುಚ್ಚಳ ಬಿಚ್ಚಿದರು. ಅದರ ಮೂಲೆಯಲ್ಲಿ ಒಣಗಿದ ನುಣುಪು ಮಣ್ಣು, ಕೆರೆಯ ತಳದ ಮಣ್ಣಿನ ಹಾಗೆ. ನೋಡಿದ ಕೂಡಲೇ ನಮಗೆಲ್ಲ ಗೊತ್ತಾಯಿತು. 2015ರ ಡಿಸೆಂಬರಿನ ಪ್ರವಾಹದಲ್ಲಿ ಮುಳುಗಿದ ಕಾರಿನ ಎಂಜಿನ್ ಅದು! ನೀರು ಕುಡಿದ ಎಂಜಿನ್ನನ್ನು ಯಾರೋ ಚಾಲೂ ಮಾಡಲು ನೋಡಿದ್ದಾರೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ, ರಾಡು ಬಾಗುತ್ತದೆ. ಬಾಗಿದ ರಾಡು ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ಒಯ್ಯುವುದಿಲ್ಲ, ಅದಕ್ಕೇ 135. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೂರು ಶನಿವಾರ ಅಲೆದ ಮೇಲೆ ಇನ್ನೊಂದು ಸಿಕ್ಕಿತು, 19,500ಕ್ಕೆ. ಜಿಡ್ಡು ಹಿಡಿದಿತ್ತು, ನೋಡಲು ಏನೂ ಚೆಂದವಿರಲಿಲ್ಲ. ಆದರೆ ಹಿಂದಿನಿಂದ ಲಾರಿ ಗುದ್ದಿ ಗುಜರಿಗೆ ಬಂದ ಕಾರು. ಗುದ್ದುವ ಗಳಿಗೆಯವರೆಗೂ ಓಡುತ್ತಿದ್ದ ಎಂಜಿನ್. ನಾಲ್ಕೂ ಸಿಲಿಂಡರು 175ರಿಂದ 182ರೊಳಗೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಇರಲಿಲ್ಲ. ಇದ್ದರೆ ನೀರು ಆಯಿಲಿಗೆ ಸೇರಿದೆ ಎಂದರ್ಥ. ಬಿಲ್ಲು ಬರೆಸಿ, ಎಂಜಿನ್ ನಂಬರನ್ನು ಅದರಲ್ಲಿ ಹಾಕಿಸಿಕೊಂಡೆವು. ನಂಬರು ಉಜ್ಜಿದ ಎಂಜಿನ್ ಎಷ್ಟೇ ಅಗ್ಗವಿರಲಿ ಮುಟ್ಟಬೇಡಿ. ನಮ್ಮ ಕಾರು ಟ್ರ್ಯಾಕಿಗೆ ಲಾರಿಯ ಮೇಲೆ ಹೋಗುವುದು. ರಸ್ತೆಯ ಮೇಲೆ ಓಡುವ ಕಾರಾದರೆ ಎಂಜಿನ್ ಬದಲಾಯಿಸಿದ್ದನ್ನು ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಲೇಬೇಕು.

ಇನ್ನು ಲೆಕ್ಕ ಕೇಳಿ. ಎಂಜಿನ್ನಿಗಿಂತ ಹೆಚ್ಚು ಅದರ ಸುತ್ತಿನದಕ್ಕೇ ಖರ್ಚಾಯಿತು. ಬೇರಿಂಗು, ರಿಂಗು, ಕೂಲಿ 7,500. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಸೀಲುಗಳು 6,200. ಕ್ಲಚ್ಚು 3,800. ಆಯಿಲು, ಕೂಲೆಂಟು, ಪ್ಲಗ್ಗು 3,300. ಸಂಪಿನೊಳಗೆ ತಗಡಿನ ತಡೆಗೋಡೆ ಕೂಡಿಸಲು 2,500. ಮಸಾಲೆ ಡಬ್ಬಿಯಲ್ಲಿ ಬಟ್ಟಲುಗಳಿದ್ದರೆ ಡಬ್ಬಿ ವಾಲಿಸಿದರೂ ಸಾಸಿವೆ ಒಂದೇ ಕಡೆ ಬೀಳುವುದಿಲ್ಲವಲ್ಲ, ಹಾಗೆ ಆಯಿಲು ಕೊಳವೆಯ ಸುತ್ತ ನಿಲ್ಲುತ್ತದೆ. ಒಟ್ಟು 42,800. ಉಳಿದ 2,200ಕ್ಕೆ ನಾನೇ ಹಟ ಮಾಡಿ ಆಯಿಲ್ ಪ್ರೆಶರ್ ಗೇಜು ಮತ್ತು ನಿಂಬೆಹಣ್ಣಿನ ಗಾತ್ರದ ಕೆಂಪು ದೀಪವೊಂದನ್ನು ಸ್ಟೀರಿಂಗಿನ ಎದುರಿಗೇ ಹಾಕಿಸಿದೆ. “ಇದು ನೋಡಲಿಲ್ಲ ಅನ್ನೋ ಹಾಗಿಲ್ಲ” ಎಂದೆ.

ಆ ಆಗಸ್ಟಿನಲ್ಲಿ ಮತ್ತೆ ಟ್ರ್ಯಾಕಿಗಿಳಿದ. ನಮ್ಮವರೂ ಬಂದಿದ್ದರು, ‘ಸುಮ್ಮನೆ ಡ್ರೈವಿಂಗಿಗೆ’ ಎನ್ನುತ್ತ. ಕಾರು ಚೆನ್ನಾಗಿಯೇ ಓಡುತ್ತಿತ್ತು, ನಾಲ್ಕನೆಯ ಸ್ಥಾನ. ಮೂರು ಲ್ಯಾಪು ಉಳಿದಿದ್ದಾಗ ಎದುರು ಬಂದ ಎಸ್ಟೀಮು ನಿಧಾನವಾಯಿತು, ಪಿಟ್ಟಿಗೆ ತಿರುಗಿತು. ನನ್ನ ಎದೆ ಧಸಕ್ಕೆಂದಿತು. ಬಾನೆಟ್ಟು ಎತ್ತಿ ನೋಡಿದರೆ ಆಯಿಲ್ ಫಿಲ್ಟರಿನ ರಬ್ಬರು ಸರಿಯಾಗಿ ಕೂತಿಲ್ಲ, ಆಯಿಲು ಸೋರಿದೆ. ಮಗ ಹೆಲ್ಮೆಟ್ಟು ತೆಗೆದು, “ದೀಪ ಒಂದ್ಸಲ ಹತ್ತಿತು ಅಮ್ಮ, ನಿಲ್ಲಿಸಿಬಿಟ್ಟೆ” ಎಂದ. ರೇಸು ಹೋಯಿತು. ಇನ್ನೊಂದು ಲ್ಯಾಪು ಓಡಿಸಿದ್ದರೆ ಎಂಜಿನ್ನೂ ಹೋಗುತ್ತಿತ್ತು ಎಂದರು ಮೆಕ್ಯಾನಿಕ್ಕು.

ನಮ್ಮವರು ಏನೂ ಹೇಳಲಿಲ್ಲ. ಅಂಗಡಿಯಿಂದ ನಾಲ್ಕು ಕಾಫಿ ತಂದು, ಮೊದಲನೆಯದನ್ನು ಮಗನ ಕೈಗೆ ಕೊಟ್ಟರು. ಮುಂದಿನ ಎರಡು ವರ್ಷ ಆ ಎಂಜಿನ್ನೇ ಓಡಿತು. ಆಯಿಲಿನ ಖರ್ಚನ್ನು ಅಪ್ಪನೇ ಕೊಟ್ಟರು.

ನಿಮ್ಮಲ್ಲಿ ಎಲ್ಲರೂ ರೇಸ್ ಓಡುವವರಲ್ಲ. ಆದರೆ ಓಡುವ ಮನಸ್ಸಿದ್ದವರು ಹೊಸ ಎಂಜಿನ್ನಿನ ಕುದುರೆಬಲ ಕೇಳುವುದಕ್ಕೆ ಮುಂಚೆ, ಹಳೆಯದು ಏಕೆ ಸತ್ತಿತೆಂದು ಕೇಳಿ. ಉತ್ತರ ನಿಮ್ಮ ಕಡೆಗೇ ಬೆರಳು ತೋರಿಸಿದರೂ ಕೇಳಿ. ಆಮೇಲೆ ಅದನ್ನು ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. ಅವಳಿಗೆ ಅರ್ಥವಾಯಿತೆಂದರೆ ನಿಮಗೂ ಅರ್ಥವಾಗಿದೆ ಎಂದೇ ಲೆಕ್ಕ.

ಬಳೆ ಇನ್ನೂ ಮಾಡಿಸಿಲ್ಲ. ಕೇಳಿದಾಗಲೆಲ್ಲ ಮಗ “ಮುಂದಿನ ವರ್ಷ ಅಮ್ಮ” ಎನ್ನುತ್ತಾನೆ. ನೋಡೋಣ!